ಶಿಬಿರಕ್ಕೆ ಹೊರಡುವ ಮುನ್ನ

ಚಿ. ಸೌ. ಶ್ರೀವಿದ್ಯಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಏಳನೇ ತರಗತಿಯ 40 ಮಕ್ಕಳನ್ನು ಜನವರಿಯಲ್ಲಿ ಉಡುಪಿಯಿಂದ ಕುಪ್ಪಳಿಗೆ ಮೂರು ದಿನದ ಶಿಬಿರಕ್ಕೆ ಕರೆದೊಯ್ಯುವ ಹೊಣೆ ನಿನಗೆ ಬಂದಿದೆಯೆಂದು ತಿಳಿದು ಸಂತೋಷವಾಯಿತು. ನೀನು ಕಳಿಸಿದ ವೇಳಾಪಟ್ಟಿ ನೋಡಿದೆ. ಅಡುಗೆ, ಬಡಿಸುವುದು, ತಟ್ಟೆ ತೊಳೆಯುವುದು, ಹಾಸಿಗೆ ಹಾಸುವುದು ಎಲ್ಲಕ್ಕೂ ಜನ ಗೊತ್ತುಮಾಡಿದ್ದೀಯ. ಅದನ್ನು ಬದಲಾಯಿಸು. ಕವಿಮನೆ, ಕವಿಶೈಲಗಳನ್ನು ಮಕ್ಕಳು ಅಪ್ಪ ಅಮ್ಮನ ಜೊತೆಗೂ ನೋಡಿಯಾರು. ಹತ್ತು ಜನರ ತಟ್ಟೆ ತೊಳೆಯುವುದು, ಅಳುವ ಗೆಳೆಯನ ಪಕ್ಕದಲ್ಲಿ ಕೂರುವುದು ಶಿಬಿರದಲ್ಲಿ ಮಾತ್ರ ಸಿಗುವ ಪಾಠ. ಒಲೆಯ ಕೆಲಸ ಭಟ್ಟರಿಗಿರಲಿ, ಮಿಕ್ಕಿದ್ದೆಲ್ಲ ಮಕ್ಕಳಿಗೆ ಬಿಡು.

ತಟ್ಟೆ ತೊಳೆಯಲು ಮೂರು ಬಕೆಟ್ ಸಾಲಾಗಿ ಇಡಿಸು: ಮೊದಲನೆಯದಕ್ಕೆ ಸೋಪು ಹಾಕಿದ ಉಗುರು ಬೆಚ್ಚಗಿನ ನೀರು, ಉಳಿದೆರಡಕ್ಕೆ ಬರೀ ನೀರು. ಎಂಜಲನ್ನು ಮೊದಲೇ ಬೇರೆ ಡಬ್ಬಕ್ಕೆ ಬಳಿದು ಹಾಕಬೇಕು, ಇಲ್ಲದಿದ್ದರೆ ಐದನೇ ತಟ್ಟೆ ಬರುವಷ್ಟರಲ್ಲಿ ಮೊದಲ ಬಕೆಟ್ ಸಾರಿನಂತಾಗಿರುತ್ತದೆ. ಮೊದಲ ರಾತ್ರಿ ನೂಕುನುಗ್ಗಲು ಆಗಿಯೇ ಆಗುತ್ತದೆ. ಅರ್ಧ ನೀರು ಅಂಗಳಕ್ಕೆ ಹೋಗುತ್ತದೆ, ತಟ್ಟೆಯ ಹಿಂಬದಿಯಲ್ಲಿ ಜಿಡ್ಡು ಉಳಿಯುತ್ತದೆ. ಬೈಯಬೇಡ, ನೀನು ತೊಳೆಯಲೂ ಹೋಗಬೇಡ. ಹಿಂಬದಿಯನ್ನು ಬೆರಳಿನಿಂದ ಉಜ್ಜಿ ನೋಡುವುದನ್ನು ಒಬ್ಬರಿಗೆ ತೋರಿಸಿಕೊಡು, ಸಾಕು. ಮರುದಿನ ಅವರೇ ಸಾಲು ಮಾಡಿಕೊಳ್ಳುತ್ತಾರೆ. ಆ ಸಾಲು ಮಾಡಿಸಿದವರು ಯಾರೆಂದು ಗಮನಿಸು. ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿ ಅಲ್ಲಿ ಮುಂದೆ ನಿಲ್ಲುವುದುಂಟು. ಶಿಕ್ಷಕರಿಗೆ ಶಿಬಿರದಿಂದ ಆಗುವ ದೊಡ್ಡ ಲಾಭ ಇದೇ. ಕಂಡದ್ದನ್ನು ಅಂದೇ ರಾತ್ರಿ ಒಂದು ಸಾಲು ಬರೆದಿಡು.

ಹತ್ತು ಮಕ್ಕಳ ಗುಂಪಿಗೆ ಒಬ್ಬ ಶಿಕ್ಷಕರು, ಒಬ್ಬ ಪೋಷಕರು ಇರಲಿ. ಆದರೆ ಪೋಷಕರನ್ನು ಅವರದೇ ಮಗುವಿನ ಗುಂಪಿಗೆ ಹಾಕಬೇಡ. ಅಮ್ಮ ಪಕ್ಕದಲ್ಲಿದ್ದರೆ ಮಗು ಚೀಲದ ಜಿಪ್ಪನ್ನೂ ತಾನೇ ಹಾಕಿಕೊಳ್ಳುವುದಿಲ್ಲ, ಉಳಿದ ಒಂಬತ್ತು ಮಕ್ಕಳಿಗೆ ಅಮ್ಮನ ನೆನಪಾಗುತ್ತದೆ. ಬೇರೆ ಗುಂಪಿನಲ್ಲಿದ್ದರೆ ತಮ್ಮ ಮಗು ತಾವಿಲ್ಲದೆ ಹೇಗಿರುತ್ತದೆಂದು ದೂರದಿಂದ ನೋಡಬಹುದು. ಅದೇ ವಯಸ್ಸಿನ ಹತ್ತು ಮಕ್ಕಳ ಹಟ, ಮುನಿಸು ಕಂಡ ಮೇಲೆ ತಮ್ಮ ಮನೆಯದು ಅಷ್ಟು ದೊಡ್ಡದೆನಿಸುವುದಿಲ್ಲ. ಪ್ರತಿಯೊಬ್ಬರಿಗೂ ನಿರ್ದಿಷ್ಟ ಕೆಲಸ ಕೊಡು: ಒಬ್ಬರಿಗೆ ಔಷಧಿ, ಒಬ್ಬರಿಗೆ ಕುದಿಸಿ ಆರಿಸಿದ ನೀರು, ಒಬ್ಬರಿಗೆ ರಾತ್ರಿ ಬಚ್ಚಲಿಗೆ ಹೋಗುವವರ ಜೊತೆ ಟಾರ್ಚು. ಕೆಲಸವಿಲ್ಲದವರು ಗಂಟೆಗೊಮ್ಮೆ ಊರಿಗೆ ಫೋಟೊ ಕಳಿಸುತ್ತಾರೆ, ತಮ್ಮ ಮಗು ಅದರಲ್ಲಿ ಕಾಣದವರು ನಿನಗೆ ಫೋನು ಮಾಡುತ್ತಾರೆ.

ಮನೆಯ ನೆನಪು ಹೆಚ್ಚು ಕಾಡುವುದು ಮೊದಲ ರಾತ್ರಿ, ಊಟಕ್ಕೂ ನಿದ್ದೆಗೂ ನಡುವೆ. ಆ ಹೊತ್ತನ್ನು ಖಾಲಿ ಬಿಡಬೇಡ. ಹಾಸಿಗೆ ಹಾಸುವುದು, ನಾಳೆಯ ಬಟ್ಟೆ ತೆಗೆದಿಡುವುದು ಆಗಲೇ ನಡೆಯಲಿ. ಅಳುವ ಮಗುವಿಗೆ ಫೋನಿನಲ್ಲಿ ಅಮ್ಮನ ದನಿ ಕೇಳಿಸಿದರೆ ಅಳು ಹೆಚ್ಚುತ್ತದೆ. "ಬೇಜಾರಾದರೆ ಹೇಳು, ಬಂದು ಕರೆದುಕೊಂಡು ಹೋಗ್ತೀನಿ" ಎಂದು ಮನೆಯಲ್ಲಿ ಹೇಳಿ ಕಳಿಸಬಾರದೆಂದು ಪೋಷಕರ ಸಭೆಯಲ್ಲಿ ಸ್ಪಷ್ಟವಾಗಿ ಹೇಳಿಬಿಡು. ಹಾಸಿಗೆ ಒದ್ದೆ ಮಾಡಿಕೊಳ್ಳುವ ಮಕ್ಕಳ ವಿಷಯ ಮಾತ್ರ ಸಭೆಯಲ್ಲಿ ಕೇಳಬೇಡ, ಒಬ್ಬೊಬ್ಬರನ್ನೇ ಕೇಳು. ಅಂಥವರನ್ನು ರಾತ್ರಿ ಹತ್ತೂವರೆಗೆ ಸದ್ದಿಲ್ಲದೆ ಎಬ್ಬಿಸಿದರಾಯಿತು. ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಮೊದಲ ಮುಟ್ಟು ಅಲ್ಲೇ ಆಗಬಹುದು. ಪ್ಯಾಡು ಯಾರ ಹತ್ತಿರ ಇದೆಯೆಂದು ಮೊದಲೇ ಎಲ್ಲ ಹುಡುಗಿಯರಿಗೂ ತಿಳಿದಿರಲಿ.

ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ಬಿಡುವುದಿಲ್ಲ, ಮಿನಿ ಬಸ್ಸುಗಳನ್ನೇ ಗೊತ್ತುಮಾಡು. 14 ತಿರುವುಗಳಲ್ಲಿ ವಾಂತಿ ಆಗುವವರಿಗೆ ಮುಂದಿನ ಸೀಟು ಕೊಡು. ಬೆಳಿಗ್ಗೆ ಎರಡು ಇಡ್ಲಿ ಸಾಕು, ಪೂರಿ ಬೇಡ. ಆಸ್ತಮಾ ಇರುವ ಮಗುವಿನ ಇನ್‌ಹೇಲರ್ ಬಸ್ಸಿನ ಡಿಕ್ಕಿಯಲ್ಲಿರುವ ಚೀಲದೊಳಗೆ ಹೋಗದಿರಲಿ, ಕೈಚೀಲದಲ್ಲೇ ಇರಬೇಕು.

ಜನವರಿಯಲ್ಲಿ ಮಳೆಯ, ಇಂಬಳದ (ಜಿಗಣೆಯ) ಕಾಟವಿಲ್ಲ, ನಿಜ. ಆದರೆ ತೀರ್ಥಹಳ್ಳಿ ಕಡೆ ಅದು ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ಉಣ್ಣೆ (ಉಣುಗು) ಕಚ್ಚಿದರೆ ಬರುತ್ತದೆ. ಹೊರಡುವ ವಾರ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿ, ಸುತ್ತಮುತ್ತ ಮಂಗ ಸತ್ತಿದೆಯೇ ಎಂದು ಕೇಳು. ಸತ್ತಿದ್ದರೆ ಕಾಡಿನ ನಡಿಗೆ ಕೈಬಿಡು. ಇಲ್ಲದಿದ್ದರೂ ತರಗೆಲೆಯ ಮೇಲೆ ಯಾರನ್ನೂ ಕೂರಿಸಬೇಡ; ಪೂರ್ತಿ ತೋಳಿನ ಅಂಗಿ, ಪ್ಯಾಂಟು, ಕಾಲುಚೀಲ ಇರಲಿ. ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಸಿಕ್ಕರೆ ಕೈಕಾಲಿಗೆ ಹಚ್ಚಿಸು. ಮರಳಿ ಬಂದೊಡನೆ ಬಿಸಿನೀರಿನ ಸ್ನಾನ, ಬಟ್ಟೆ ಬದಲು.

ಹೊಳೆಗೆ ಇಳಿಸುವ ಕಾರ್ಯಕ್ರಮವನ್ನು ಪಟ್ಟಿಯಿಂದಲೇ ತೆಗೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ತೀರಿಕೊಂಡರು. ನೀರಿನ ವಿಷಯದಲ್ಲಿ ಯಾರ ಒತ್ತಾಯಕ್ಕೂ ಮಣಿಯಬೇಡ.

ಅಕ್ಷರ ದಾಸೋಹದ ಲೆಕ್ಕದಂತೆ ಈ ವಯಸ್ಸಿನವರಿಗೆ ಹೊತ್ತಿಗೆ ತಲಾ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ. 40 ಮಕ್ಕಳಿಗೆ 6 ಕಿಲೊ ಅಕ್ಕಿ ಆಯಿತು. ಗುಡ್ಡ ಹತ್ತಿಳಿದ ರಾತ್ರಿಗೆ, ದೊಡ್ಡವರೂ ಸೇರಿ, 8 ಕಿಲೊ ಹಿಡಿ.

ಬಂದ ಮೇಲೆ ಹತ್ತು ದಿನದೊಳಗೆ ಯಾವ ಮಗುವಿಗೆ ಜ್ವರ ಬಂದರೂ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕೆಂದು ಪೋಷಕರಿಗೆ ಚೀಟಿ ಬರೆದು ಕೊಡು. ಗುಂಪುಗಳ ಪಟ್ಟಿಯನ್ನೂ ಔಷಧಿಯ ಒಪ್ಪಿಗೆ ಪತ್ರದ ನಮೂನೆಯನ್ನೂ ಭಾನುವಾರದೊಳಗೆ ಕಳಿಸಿದರೆ ಒಮ್ಮೆ ನೋಡಿಕೊಡುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ