ಐದನೇ ವರ್ಷದ ಓಪಿಜಿ, ಮತ್ತೆ ಒಂದು ಟಾರ್ಚು

ನನ್ನ ದವಡೆಯೊಳಗೆ ಬೆಳೆದಿದ್ದ ಒಂದು ಸಿಸ್ಟ್, ಅಂದರೆ ದ್ರವ ತುಂಬಿದ ಚೀಲ, ಅದನ್ನು ತೆಗೆಸಿ ಐದು ವರ್ಷವಾಯಿತು. ಕಳೆದ ವಾರ ವಿರಾಜಪೇಟೆಯ ಡೆಂಟಲ್ ಕಾಲೇಜಿನಲ್ಲಿ ಐದನೇ ವರ್ಷದ ಓಪಿಜಿ (ಇಡೀ ದವಡೆ ಒಟ್ಟಿಗೆ ಕಾಣುವ ಎಕ್ಸ್‌ರೇ) ತೆಗೆದರು. ಡಾಕ್ಟರು ಹಳೇ ಚಿತ್ರ, ಹೊಸ ಚಿತ್ರ ಪಕ್ಕಪಕ್ಕ ಇಟ್ಟು ನೋಡಿ, "ಮೂಳೆ ಚೆನ್ನಾಗಿ ತುಂಬಿದೆ, ಹೋಗಿ ಊಟ ಮಾಡಿ" ಅಂದರು. ಊಟ ಮಾಡಿ ಬಸ್ಸು ಹತ್ತಿದೆ. ಯಾರ್ಯಾರಿಗೆ ಥ್ಯಾಂಕ್ಸ್ ಹೇಳಬೇಕು ಅಂತ ಲೆಕ್ಕ ಹಾಕುತ್ತಾ ಕೂತೆ. ಮಡಿಕೇರಿ ದಾಟಿ ಸೋಮವಾರಪೇಟೆ ಬಂದರೂ ಲೆಕ್ಕ ಮುಗಿಯಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ನೋವೇ ಇರಲಿಲ್ಲ. ತೊಂದರೆ ಆಗಿದ್ದೇ ಅದರಿಂದ. ಬಲಗಡೆ ಕೆಳಗೆ, ಕೊನೇ ಹಲ್ಲಿನ ಹಿಂದೆ ಆಗಾಗ ಉಪ್ಪುಪ್ಪು ನೀರು ಬಂದ ಹಾಗಾಗುತ್ತಿತ್ತು, ಅಷ್ಟೇ. ಒಬ್ಬರಿಗೆ ತೋರಿಸಿದೆ. ಎಕ್ಸ್‌ರೇ ತೆಗೆಯದೆ ಮಾತ್ರೆ ಕೊಟ್ಟರು. ಇನ್ನೊಮ್ಮೆ ಹೋದಾಗ ಹಲ್ಲು ಕಿತ್ತರು. ಒಂದೊಳ್ಳೆ ಹಲ್ಲು ಸುಮ್ನೆ ಹೋಯಿತು. ಇರಲಿ, ನಾನು ಕೂತಿದ್ದು ಬೈಯೋದಕ್ಕಲ್ಲ.

ಮೊದಲ ಥ್ಯಾಂಕ್ಸ್, ನಮ್ಮೂರು ಶಾಂತಳ್ಳಿ ಕಡೆ ಹಲ್ಲಿನ ಕ್ಯಾಂಪಿಗೆ ಬಂದಿದ್ದ ಹುಡುಗಿಗೆ. ಆಗಿನ್ನೂ ಹೌಸ್ ಸರ್ಜನ್. ಕಿತ್ತ ಜಾಗ ಮೂರು ತಿಂಗಳಾದರೂ ಮಾಯದೆ ಇದ್ದದ್ದು ಅವಳ ಕಣ್ಣಿಗೆ ಬಿತ್ತು. "ಅಂಕಲ್, ಇಷ್ಟು ದಿನ ಹೀಗಿರಬಾರದು. ಒಂದು ಓಪಿಜಿ ಮಾಡಿಸಿ" ಅಂತ ಚೀಟಿ ಕೊಟ್ಟಳು. ಕಾಫಿ ಕೊಯ್ಲಿನ ಸಮಯ, ಚೀಟಿ ಜೇಬಲ್ಲೇ ಉಳಿಯಿತು. ನನ್ನ ಹೆಂಡತಿ ಅಂಗಿ ನೆನೆಹಾಕುವ ಮೊದಲು ಜೇಬು ತಡಕುವವಳು. ಎರಡನೇ ಥ್ಯಾಂಕ್ಸ್ ಆ ಅಭ್ಯಾಸಕ್ಕೆ.

ಓಪಿಜಿಯಲ್ಲಿ ನೋಡಿದರೆ ಬುದ್ಧಿಹಲ್ಲು ಹೊರಗೆ ಬರದೆ ಒಳಗೇ ಅಡ್ಡ ಮಲಗಿದೆ. ಅದರ ಸುತ್ತ ಒಂದು ಕಪ್ಪು ನೆರಳು, ಕಿವಿ ಕಡೆಗೆ ಹತ್ತಿದೆ. ಕೆನ್ನೆ ಮಾತ್ರ ಒಂಚೂರೂ ಊದಿಲ್ಲ. ಅರೇಬಿಕಾ ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಳಿ ಕಾಂಡಕೊರಕ ಹುಳ ಹೊಕ್ಕ ಗಿಡ ಮೊದಮೊದಲು ಹಸಿರಾಗೇ ಇರುತ್ತದೆ, ಒಳಗೆ ಟೊಳ್ಳಾಗುತ್ತಿರುತ್ತದೆ. ಅಂಥ ಗಿಡ ಕಂಡರೆ ನಾವು ಕಿತ್ತು ಸುಡುತ್ತೇವೆ. "ಕೊಯ್ದು ತೆಗೆದುಬಿಡಿ ಸಾರ್" ಅಂದೆ.

ಸರ್ಜನ್ ಒಪ್ಪಲಿಲ್ಲ. ಅವರು ಅವಸರ ಮಾಡಲಿಲ್ಲ ಅನ್ನೋದಕ್ಕೇ ನಾನು ಎಲ್ಲಕ್ಕಿಂತ ಜಾಸ್ತಿ ಋಣಿ. ಎಕ್ಸ್‌ರೇಯಲ್ಲಿ ಹೀಗೆ ಕಾಣೋದು ಬೇರೆ ಬೇರೆ ಇರಬಹುದಂತೆ. ಹುಟ್ಟದ ಹಲ್ಲಿನ ಸುತ್ತ ಕಟ್ಟುವ ಡೆಂಟಿಜೀರಸ್ ಸಿಸ್ಟ್ ಆದರೆ ಚೀಲ, ಹಲ್ಲು ಎರಡನ್ನೂ ತೆಗೆದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ಅಮೆಲೋಬ್ಲಾಸ್ಟೋಮಾ ಅನ್ನುವ ಗೆಡ್ಡೆಯಾದರೆ ಎಷ್ಟೋ ಸಲ ಸುತ್ತಲಿನ ಒಳ್ಳೆ ಮೂಳೆಯನ್ನೂ ಸೇರಿಸಿ ಕತ್ತರಿಸಬೇಕು, ಕಾಲಿನ ಮೂಳೆ ತಂದು ದವಡೆ ಕಟ್ಟಬೇಕಾಗಬಹುದು. "ಯಾವುದು ಅಂತ ಗೊತ್ತಾಗದೆ ನಾನು ಕತ್ತಿ ಹಿಡಿಯಲ್ಲ" ಅಂದರು. ಸೂಜಿ ಹಾಕಿ ಎಳೆದಾಗ ಗಟ್ಟಿ ಕೆನೆಯಂಥದ್ದು ಬಂತು. ಒಂದು ಚೂರು ಬಯಾಪ್ಸಿಗೆ ಹೋಯಿತು.

ಆ ಚೂರನ್ನು ನೋಡಿದ ಪೆಥಾಲಜಿ ಡಾಕ್ಟರನ್ನು ನಾನು ಇವತ್ತಿನವರೆಗೂ ಕಂಡಿಲ್ಲ, ಅವರೂ ನನ್ನ ಮುಖ ನೋಡಿಲ್ಲ. ನನ್ನ ದವಡೆ ಉಳಿಯಿತಲ್ಲ, ಅದು ಅವರು ಬರೆದ ಒಂದು ಸಾಲಿನಿಂದ: ಒಡಾಂಟೋಜೆನಿಕ್ ಕೆರಟೋಸಿಸ್ಟ್. ಅಂದರೆ ಅಮೆಲೋಬ್ಲಾಸ್ಟೋಮಾ ಅಲ್ಲ, ದವಡೆಯಲ್ಲಾಗುವ ಇನ್ನೊಂದು ಬಗೆಯ ಸಿಸ್ಟ್. ನಮಸ್ಕಾರ ಡಾಕ್ಟ್ರೇ.

ಮನೆಯಲ್ಲಿ ಭಾವಮೈದ ಫೋನಿನಲ್ಲಿ ಹುಡುಕಿ "ಟ್ಯೂಮರ್ ಅಂತಿದೆ" ಅಂದುಬಿಟ್ಟ. ಅವ್ವ ಒಲೆ ಮುಂದೆ ಕೂತು ಅತ್ತಳು. ಮರುದಿನ ಸರ್ಜನ್ ಫೋನಿನಲ್ಲೇ ಅವ್ವನಿಗೆ ವಿವರಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇದನ್ನು ಗೆಡ್ಡೆಗಳ ಪಟ್ಟಿಗೆ ಹಾಕಿತ್ತು, 2017ರಲ್ಲಿ ವಾಪಸ್ ಸಿಸ್ಟ್ ಅಂತಲೇ ಮಾಡಿತು. "ಕ್ಯಾನ್ಸರ್ ಅಲ್ಲಮ್ಮ. ಆದ್ರೆ ಹಠಮಾರಿ. ಪೊರೆ ಒಂದು ಚೂರು ಉಳಿದರೂ ಮತ್ತೆ ಬೆಳೆಯುತ್ತೆ." ಆಸ್ಪತ್ರೆಯಲ್ಲಿ ಅವರು ನನ್ನ ಅಂಗೈ ಕೂಡ ತಿರುಗಿಸಿ ನೋಡಿದ್ದರು. ಭವಿಷ್ಯ ಹೇಳ್ತಾರೇನೋ ಅಂದುಕೊಂಡೆ! ಗಾರ್ಲಿನ್ ಅಂತ ವಂಶದಲ್ಲಿ ಬರುವ ತೊಂದರೆ ಇದ್ದರೆ ಇಂಥ ಸಿಸ್ಟ್ ಹಲವು ಕಡೆ ಆಗುತ್ತವಂತೆ, ಅಂಗೈಯಲ್ಲಿ ಸಣ್ಣ ಗುಳಿ ಇರುತ್ತವಂತೆ. ನನ್ನ ಅಂಗೈಯಲ್ಲಿ ಗುದ್ದಲಿ ಹಿಡಿದ ದಡ್ಡು ಮಾತ್ರ ಇತ್ತು.

ಕೆಳತುಟಿಗೆ ಹೋಗುವ ನರ ಹತ್ತಿರವಿತ್ತು, ಮೂಳೆ ತೆಳ್ಳಗಾಗಿತ್ತು. ಹಾಗಾಗಿ ಮೊದಲು ಸಿಸ್ಟಿಗೆ ಒಂದು ಕಿಂಡಿ ಮಾಡಿ ಸಣ್ಣ ಕೊಳವೆ ಕೂರಿಸಿದರು. ಒಳಗಿನ ಒತ್ತಡ ಇಳಿದರೆ ಮೂಳೆ ತಾನೇ ತುಂಬಿಕೊಂಡು ಬರುತ್ತದೆ. ಆದರೆ ದಿನಕ್ಕೆರಡು ಸಲ ಸಲೈನ್ ಹಾಕಿ ತೊಳೆಯಬೇಕು. ಹತ್ತು ತಿಂಗಳು ತೊಳೆದೆವು.

ಮಳೆಗಾಲದ ಶಾಂತಳ್ಳಿ ಗೊತ್ತಲ್ವಾ? ಮರ ಬಿದ್ದರೆ ನಾಲ್ಕು ದಿನ ಕರೆಂಟಿಲ್ಲ. ಆಗ ಐದನೇ ಕ್ಲಾಸಿನಲ್ಲಿದ್ದ ಮಗಳು ಸ್ಟೂಲ್ ಹತ್ತಿ ನಿಂತು ನನ್ನ ಬಾಯಿಗೆ ಟಾರ್ಚ್ ಹಿಡಿಯುತ್ತಿದ್ದಳು. ನಾನು ಎಡಗೈಯಲ್ಲಿ ಕೆನ್ನೆ ಎಳೆದು, ಬಲಗೈಯಲ್ಲಿ ಸಿರಿಂಜು ಒತ್ತಬೇಕು. ಮೊದಮೊದಲು ಅವಳು ಮುಖ ಆಚೆ ತಿರುಗಿಸುತ್ತಿದ್ದಳು, ಬೆಳಕು ಗೋಡೆಗೆ ಹೋಗುತ್ತಿತ್ತು. ಆಮೇಲೆ ಅವಳೇ ಮೇಸ್ತ್ರಿ. "ಅಪ್ಪಾ, ಇನ್ನೂ ಗಲೀಜು ಬರ್ತಿದೆ, ಇನ್ನೊಂದ್ಸಲ ಹಾಕು." ಶುರುವಿಗೆ ಹತ್ತು ಎಂಎಲ್ ಪೂರ್ತಿ ಒಳಗೆ ಹೋಗುತ್ತಿತ್ತು. ಮಾಗಿ ಚಳಿ ಬರುವ ಹೊತ್ತಿಗೆ ಮೂರು ಎಂಎಲ್‌ಗೇ ನೀರು ಹೊರಗೆ ಉಕ್ಕುತ್ತಿತ್ತು. ಅವಳು ಇದನ್ನೆಲ್ಲ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದಳು. ಸರ್ಜನ್ ಆ ಹಾಳೆಯ ಫೋಟೋ ತೆಗೆದುಕೊಂಡರು.

ಆಮೇಲೆ ಆಪರೇಷನ್. ಕುಗ್ಗಿದ ಸಿಸ್ಟು, ಬುದ್ಧಿಹಲ್ಲು ಎರಡನ್ನೂ ತೆಗೆದು, ಸುತ್ತಲಿನ ಮೂಳೆಯನ್ನು ತೆಳ್ಳಗೆ ಕೆರೆದರು. ಅದರ ಬಗ್ಗೆ ನನಗೇನೂ ಗೊತ್ತಿಲ್ಲ, ನಿದ್ದೆಯಲ್ಲಿದ್ದೆ. ಆ ವಾರ ನಮ್ಮ ಕಣದಲ್ಲಿ ಒಣಗಲು ಹಾಕಿದ್ದ ಕಾಫಿಯನ್ನು ಪಕ್ಕದ ತೋಟದ ಅಣ್ಣ ತನ್ನದೇ ಅನ್ನುವಂತೆ ತಿರುವಿ, ಸಂಜೆ ರಾಶಿ ಮಾಡಿ ಮುಚ್ಚಿದ್ದು ಗೊತ್ತು. ಅಣ್ಣ, ನೀವು ಇದನ್ನೆಲ್ಲ ಓದಲ್ಲ, ಆದ್ರೂ ಬರೆದಿದ್ದೇನೆ. ಅವ್ವ ಒಂದೂವರೆ ತಿಂಗಳು ರಾಗಿ ಗಂಜಿ ಕಾಯಿಸಿ, ತಾನೂ ಅಕ್ಕಿ ರೊಟ್ಟಿ ಬಿಟ್ಟಳು.

ತುಟಿ ಸುಮಾರು ಒಂದು ವರ್ಷ ಜೋಮು ಹಿಡಿದಿತ್ತು. ಕಾಫಿ ಗದ್ದಕ್ಕೆ ಇಳಿದರೂ ನನಗೆ ಗೊತ್ತಾಗುತ್ತಿರಲಿಲ್ಲ. ನಾಲ್ಕು ಜನರ ಮುಂದೆ ಮಗಳು ಏನೂ ಹೇಳದೆ ತನ್ನ ಗದ್ದ ಒರೆಸಿಕೊಳ್ಳುತ್ತಿದ್ದಳು. ಈಗಲೂ ಒಂದು ರೂಪಾಯಿ ನಾಣ್ಯದಷ್ಟು ಜಾಗ ಮರಗಟ್ಟಿದೆ. ಪರವಾಗಿಲ್ಲ.

ಇದು ಮರುಕಳಿಸುವುದಾದರೆ ಹೆಚ್ಚಾಗಿ ಮೊದಲ ಐದು ವರ್ಷದಲ್ಲೇ, ಆದರೆ ಹತ್ತು ವರ್ಷ ಕಳೆದ ಮೇಲೂ ಬಂದದ್ದಿದೆ ಅಂತ ಡಾಕ್ಟರು ಹೇಳಿದ್ದಾರೆ. ಮುಂದಿನ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಆದಮೇಲೆ ಮತ್ತೆ ಹೋಗಬೇಕು. ಮಗಳು ಈಗ ಫಸ್ಟ್ ಪಿಯುಸಿ. ಈ ಸಲ ಅವಳೂ ಜೊತೆಗೆ ಬರುತ್ತಾಳಂತೆ, ಸರ್ಜನ್ ಫೋನಿನಲ್ಲಿ ಆ ಲೆಕ್ಕದ ಹಾಳೆ ಇನ್ನೂ ಇದೆಯಾ ಅಂತ ನೋಡಬೇಕಂತೆ.