ತರಕಾರಿ ತೊಳೆಯುವ ಬಗ್ಗೆ ಸದಸ್ಯರಿಗೆ ಸೂಚನೆ

ಎಲ್ಲರ ಗಮನಕ್ಕೆ. ಕೊಳೆರೋಗಕ್ಕೆ ಅಡಿಕೆಗೆ ಔಷಧಿ ಹೊಡೆಯುವ ಕಾಲ ಇದು. ಮರದ ಬುಡದಲ್ಲಿರುವ ಬಸಳೆ, ಕೆಸು, ವೀಳ್ಯದೆಲೆ ಮೇಲೂ ಆ ಔಷಧಿಯ, ಅಂದರೆ ಬೋರ್ಡೋ ದ್ರಾವಣದ, ಹನಿ ಬೀಳುತ್ತದೆ. ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಸೇರಿದ ಆ ಲೇಪ ಮಲೆನಾಡ ಮಳೆಗೂ ಬಿಡದಂತೆ ಅಂಟಿಕೊಳ್ಳುವಂಥದ್ದು. ಹಾಗಾಗಿ ಬರೀ ನೀರಿನಲ್ಲಿ ಜಾಲಿಸಿದರೆ ಸಾಲದು, ಅಡುಗೆ ಸೋಡಾ ಹಾಕಿದ ನೀರೂ ಇದಕ್ಕೆ ಆಗುವುದಿಲ್ಲ. ಹುಳಿಗೆ ಮಾತ್ರ ಕರಗುತ್ತದೆ. ಹೊಡೆಯುವ ಮುಂಚಿನ ದಿನವೇ ಸೊಪ್ಪು ಕೊಯ್ದಿಡಿ. ಹೊಡೆದ ಮೇಲೆ ಕೊಯ್ಯುವುದಾದರೆ ತಿಳಿನೀಲಿ ಕಲೆ ಎದ್ದು ಕಾಣುವ ಎಲೆ ಬಿಟ್ಟುಬಿಡಿ. ಉಳಿದದ್ದನ್ನು ತೆಳು ಹುಣಸೆ ನೀರಿನಲ್ಲಿ 10 ನಿಮಿಷ ನೆನೆಸಿ, ಮತ್ತೆರಡು ನೀರಿನಲ್ಲಿ ತೊಳೆಯಿರಿ. ಪಾತ್ರೆ ಸ್ಟೀಲಿನದಿರಲಿ. ಆ ನೀರನ್ನು ಕಲಗಚ್ಚಿಗೆ ಸೇರಿಸಲೇಬೇಡಿ, ತಾಮ್ರ ದನಕ್ಕೂ ಕೆಟ್ಟದ್ದು.

ಸಂತೆಯ ತರಕಾರಿಗೆ ಅಡುಗೆ ಸೋಡಾ ಸರಿ: 1 ಲೀಟರ್ ನೀರಿಗೆ 10 ಗ್ರಾಂ, ಅಂದರೆ ಸುಮಾರು 2 ಸಣ್ಣ ಚಮಚ, 15 ನಿಮಿಷ. ಕೆಲವು ಕೀಟನಾಶಕಗಳು ಕ್ಷಾರದಲ್ಲಿ ಒಡೆಯುತ್ತವೆ, ಎಲ್ಲವೂ ಅಲ್ಲ. ಹೆಚ್ಚುವ ಮೊದಲೇ ನೆನೆಸಿ. ಹೂಕೋಸನ್ನು ಮಾತ್ರ ಬಿಡಿಸಿ ಹಾಕಿ, ಎಲೆಕೋಸಿನ ಹೊರಗಿನ 2-3 ಎಲೆ ತೆಗೆಯಿರಿ. ಸೋಪಿನ ಪುಡಿ ಬೇಡ.

ಗಿಡದೊಳಕ್ಕೇ ಇಳಿಯುವ ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕಗಳು ಬದನೆ, ಬೆಂಡೆಯ ತಿರುಳಿನಲ್ಲೇ ಇರುತ್ತವೆ. ಯಾವ ತೊಳೆತಕ್ಕೂ ಹೋಗುವುದಿಲ್ಲ. ಬೆಳೆಯುವ ಸದಸ್ಯರಲ್ಲಿ ಕಳಕಳಿಯ ವಿನಂತಿ: ಡಬ್ಬಿಯ ಚೀಟಿಯಲ್ಲಿರುವ, ಔಷಧಿ ಹೊಡೆದ ಮೇಲೆ ಕಾಯುವ ದಿನ ಮುಗಿಯದೆ ಕೊಯ್ಯಬೇಡಿ. ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವನ್ನು ತರಕಾರಿಗೆ ಬಳಸುವುದು 2005ರಿಂದಲೇ ನಿಷಿದ್ಧ, ಯಾರು ಕೊಟ್ಟರೂ ಹೊಡೆಯಬೇಡಿ.