ಹಿರಿಯರನ್ನು ಆರಿಸುವ ಮುಂಚೆ

ಪ್ರೀತಿಯ ಮಗಳೇ,

ನಿಮ್ಮ ಕ್ರೈಸ್ತ ಸಭೆಯನ್ನು ನಡೆಸುವ ಹೊಸ ಹಿರಿಯರನ್ನು ಆರಿಸುವ ಸಮಿತಿಗೆ ನಿನ್ನನ್ನೂ ಸೇರಿಸಿದ್ದಾರೆ ಅಂತ ಓದಿ ತುಂಬಾ ಸಂತೋಷವಾಯಿತು. ಚೆನ್ನಾಗಿ ಪ್ರಸಂಗ ಮಾಡುವವರು, ಗಟ್ಟಿಯಾಗಿ ಪ್ರಾರ್ಥಿಸುವವರು ತಾನಾಗಿ ಕಣ್ಣಿಗೆ ಬೀಳುತ್ತಾರೆ, ಗುಣ ನೋಡುವುದು ಹೇಗಮ್ಮಾ ಅಂತ ಕೇಳಿದ್ದೀಯ. ಕೇಳಬೇಕಾದ ಪ್ರಶ್ನೆಯೇ.

ಬೈಬಲಿನಲ್ಲಿ ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಮೊದಲನೇ ಪತ್ರದ 3ನೇ ಅಧ್ಯಾಯವನ್ನು ನಿಧಾನವಾಗಿ ಓದು. ಬೋಧಿಸಲು ಬರಬೇಕು ಅನ್ನುವುದು ಅಲ್ಲಿ ಒಂದೇ ಮಾತಿನಲ್ಲಿ ಬಂದು ಹೋಗುತ್ತದೆ. ಮಿಕ್ಕಿದ್ದರಲ್ಲಿ ಜಾಸ್ತಿ ನಡತೆಯ ವಿಷಯವೇ. ಕುಡಿತ, ಜಗಳ, ಹಣದಾಸೆ, ಮನೆಯವರನ್ನು ನೋಡಿಕೊಳ್ಳುವ ರೀತಿ, ಸಭೆಯ ಹೊರಗಿನವರು ಆಡುವ ಮಾತು. ಇದ್ಯಾವುದೂ ಭಾನುವಾರ ವೇದಿಕೆಯ ಮೇಲೆ ಕಾಣುವುದಿಲ್ಲ, ಅಲ್ವಾ? ಅವರ ಜೊತೆ ಕೆಲಸ ಮಾಡುವವರನ್ನು ಕೇಳು. ಅವರ ಮಾತಿಗೆ ಯಾರಾದರೂ 'ಬೇಡ' ಅಂದಾಗ ಹೇಗೆ ನಡೆದುಕೊಳ್ಳುತ್ತಾರೆ ನೋಡು. ನನಗಂತೂ ಇದಕ್ಕಿಂತ ದೊಡ್ಡ ಪರೀಕ್ಷೆ ಗೊತ್ತಿಲ್ಲ. ಅವಸರವನ್ನೂ ಮಾಡಬೇಡಿ. ಹೊಸದಾಗಿ ನಂಬಿದವರಿಗೆ ಈ ಜವಾಬ್ದಾರಿ ಬೇಡ, ಅಹಂಕಾರ ಬಂದೀತು ಅಂತ ಅದೇ ಅಧ್ಯಾಯ ಎಚ್ಚರಿಸುತ್ತದೆ.

ಆದರೆ ನನ್ನ ಚಿಂತೆ ಇರುವುದು ಆರಿಸಿದ ಮೇಲಿನ ದಿನಗಳ ಬಗ್ಗೆ. ಕೈಯಿಟ್ಟು ಪ್ರಾರ್ಥಿಸಿ, ಹಾರ ಹಾಕಿ, ಆಮೇಲೆ ಅವರನ್ನು ಒಂಟಿಯಾಗಿ ಬಿಟ್ಟುಬಿಡುತ್ತೇವೆ. ಎಲ್ಲರೂ ಗೌರವ ಕೊಡುತ್ತಾರೆ, ತಿದ್ದುವವರು ಯಾರೂ ಇರುವುದಿಲ್ಲ. ಒಳ್ಳೆಯವರೂ ಕೆಡುವುದು ಅಲ್ಲೇ ಕಣೇ.

ಪೇತ್ರನನ್ನೇ ನೋಡು. ಯೇಸುವಿನ ಜೊತೆ ನಡೆದವನು, ಪವಿತ್ರಾತ್ಮ ಇಳಿದು ಬಂದ ಪಂಚಾಶತ್ತಮದ ದಿನ ಎದ್ದು ನಿಂತು ಸಾರಿದವನು. ಅಂತಿಯೋಕ್ಯ ಪಟ್ಟಣದಲ್ಲಿ ಅನ್ಯಜನರ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಊಟ ಮಾಡುತ್ತಿದ್ದವನು, ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯ ಯೆಹೂದ್ಯರು ಬಂದ ಕೂಡಲೇ ಭಯಪಟ್ಟು ಹಿಂದೆ ಸರಿದ. ಪೌಲ ಅದನ್ನು ಎಲ್ಲರ ಮುಂದೆ ನೇರವಾಗಿ ಕೇಳಿದ. ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿದೆ. ಅಪೊಸ್ತಲನಿಗೇ ತಿದ್ದುವವರು ಬೇಕಾದರೆ ನಮ್ಮ ಹಿರಿಯರಿಗೆ ಬೇಡವೇ?

ಹಣದ ವಿಷಯದಲ್ಲೂ ಹಾಗೇ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ಕೂಡಿಸಿದ ಸಹಾಯವನ್ನು ತಲುಪಿಸಲು ಪೌಲ ತಾನೊಬ್ಬನೇ ಹೊರಡಲಿಲ್ಲ. ಸಭೆಗಳೇ ಆರಿಸಿದ ಸಹೋದರನನ್ನು ಜೊತೆಗಿಟ್ಟುಕೊಂಡ. ಕರ್ತನ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ಸರಿಯಾಗಿರಬೇಕು ಅನ್ನುವುದು ಅವನ ಹಟ. ಕಾಣಿಕೆಯ ಲೆಕ್ಕ ಕೇಳಿದರೆ ಅಪನಂಬಿಕೆ ಅಂತ ಕೆಲವರು ಬೇಸರಪಡುತ್ತಾರೆ. ಇಬ್ಬರು ಎಣಿಸಿದರೆ, ಲೆಕ್ಕ ಎಲ್ಲರಿಗೂ ಕಾಣುವಂತಿದ್ದರೆ, ಆ ಹಿರಿಯರ ಹೆಸರೇ ಉಳಿಯುತ್ತದೆ.

ಇನ್ನೊಂದು ಮಾತು. ಕಾವಲಷ್ಟೇ ಸಾಲದು, ಬೆಳೆಸುವವರೂ ಬೇಕು. ಸುವಾರ್ತೆ ಸಾರುವ ಪ್ರಯಾಣದ ನಡುವೆ ಪಂಫುಲ್ಯ ಸೀಮೆಯಲ್ಲಿ ಕೆಲಸ ಬಿಟ್ಟು ಹೋದ ಮಾರ್ಕನನ್ನು ಪೌಲ ಮತ್ತೆ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಪೌಲನ ಜೊತೆಗಾರ ಬಾರ್ನಬ ಮಾತ್ರ ಅವನನ್ನು ಕರೆದುಕೊಂಡು ಕುಪ್ರ ದ್ವೀಪಕ್ಕೆ ಹೋದ. ಎಷ್ಟೋ ಕಾಲದ ನಂತರ ಅದೇ ಪೌಲ, ಮಾರ್ಕನನ್ನು ಕರಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ ಅಂತ ತಿಮೊಥೆಯನಿಗೆ ಬರೆದ. ನಡುವಿನ ವರ್ಷಗಳಲ್ಲಿ ಬಾರ್ನಬನಂಥವನು ಜೊತೆಗಿಲ್ಲದಿದ್ದರೆ ಏನಾಗುತ್ತಿತ್ತೋ! ನಿಮ್ಮ ಸಭೆಯಲ್ಲಿ ಈಗ ಒಪ್ಪಿಗೆಯಾಗದ ಯೌವನಸ್ಥರು ಇದ್ದರೆ ಸುಮ್ನೆ ಹೆಸರು ಹೊಡೆದು ಹಾಕಬೇಡಿ. ಒಬ್ಬ ಹಿರಿಯರ ಜೊತೆ ಓಡಾಡಲಿ. ರೋಗಿಗಳನ್ನು ನೋಡಲು ಹೋಗಲಿ, ಕುರ್ಚಿ ಜೋಡಿಸಲಿ, ಬೈಸಿಕೊಂಡರೂ ತಾಳಿಕೊಳ್ಳುವುದನ್ನು ಕಲಿಯಲಿ.

ಸಮಿತಿ ಮುಂದಿನ ಸಲ ಸೇರಿದಾಗ ಇಷ್ಟು ಕೇಳು: ನಾವು ಆರಿಸುವ ಒಬ್ಬೊಬ್ಬರ ಜೊತೆ ಕೂತು ಅವರ ಪ್ರಾರ್ಥನೆ, ಮನೆ, ಸಿಟ್ಟು, ಹಣ ಇವುಗಳ ಬಗ್ಗೆ ತಪ್ಪದೆ ವಿಚಾರಿಸುವವರು ಯಾರು? ಹೆಸರು ಬರೆದುಕೊಂಡ ಮೇಲೆಯೇ ಮತ ಹಾಕಿ. ಏನು ತೀರ್ಮಾನವಾಯಿತು ಅಂತ ನನಗೆ ಬರೆ.

ನಿನಗಾಗಿ ಪ್ರಾರ್ಥಿಸುತ್ತಿರುವ,
ಅಮ್ಮ